ಹಿತ್ತಲಿಗೆ ಸಿದ್ಧ ಕೋಳಿಗೂಡು: ಉಡುಪಿಯ ಮಳೆಗಾಲದಲ್ಲಿ ಬಳಸಿದ ಮೇಲೆ ಒಂದು ವಿಮರ್ಶೆ

ಉಡುಪಿ, ಮಣಿಪಾಲ, ಬ್ರಹ್ಮಾವರದ ಸುತ್ತಮುತ್ತ ಗೇಟು, ಕಿಟಕಿ ಸರಳು, ಶೀಟಿನ ಮಾಡು ಮಾಡಿಕೊಡುವ ವೆಲ್ಡಿಂಗ್ ಅಂಗಡಿಗಳಲ್ಲಿ ಈಗ ಸಿದ್ಧ ಕೋಳಿಗೂಡುಗಳೂ ಸಿಗುತ್ತವೆ. ಐದಾರು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡು, ಮನೆಖರ್ಚಿನ ಮೊಟ್ಟೆಗೆಂದು ನಾಲ್ಕಾರು ಹೇಟೆ (ಹೆಣ್ಣು ಕೋಳಿ) ಸಾಕೋಣ ಎಂದು ಮೊದಲ ಬಾರಿಗೆ ಹೊರಡುವವರು ಕೊಳ್ಳುವುದು ಹೆಚ್ಚಾಗಿ ಇಂಥ ಗೂಡನ್ನೇ. ನಾನು ಕೊಂಡ ಗೂಡು ಆರು ಅಡಿ ಉದ್ದ, ಮೂರು ಅಡಿ ಅಗಲವಿದೆ. ಎರಡು ಅಡಿ ಎತ್ತರದ ಕಾಲುಗಳು, ಒಂದಿಂಚಿನ ಚೌಕ ಪೈಪಿನ ಚೌಕಟ್ಟು, ಸುತ್ತಲೂ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ, ಮೇಲೆ ಬಣ್ಣದ ಶೀಟು, ತಳದಲ್ಲಿ ಎಳೆದು ತೆಗೆಯಬಹುದಾದ ಎರಡು ಟ್ರೇ, ಪಕ್ಕದಲ್ಲಿ ಪ್ಲೈವುಡ್ಡಿನ ಮೊಟ್ಟೆ ಪೆಟ್ಟಿಗೆ. ಸಾಗಾಟವೂ ಸೇರಿ ಬೆಲೆ 14,500 ರೂಪಾಯಿ. ಒಂದು ಬೇಸಗೆ ಮತ್ತು ಇಡೀ ಮಳೆಗಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಚೌಕಟ್ಟು ಗಟ್ಟಿಯಾಗಿದೆ, ಟ್ರೇಯ ವ್ಯವಸ್ಥೆ ಬಹಳ ಒಳ್ಳೆಯದಿದೆ, ಆದರೆ ನಮ್ಮ ಕರಾವಳಿಯ ಮಳೆಯನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಗೂಡು ಇದಲ್ಲ. ಮಾಡಿನ ಅಂಚು, ಕೂರುವ ಸರಳು ಮತ್ತು ಚಿಲಕ, ಈ ಮೂರನ್ನು ಸರಿಪಡಿಸಿಕೊಳ್ಳದೆ ಯಾರೂ ಇದನ್ನು ಮಳೆಗೆ ಒಡ್ಡಬಾರದು.

ಗೂಡನ್ನು ನೋಡಲು ಹೋದವರು ಸಾಮಾನ್ಯವಾಗಿ ಬಣ್ಣ, ಗಾತ್ರ, ಬೆಲೆ ನೋಡುತ್ತಾರೆ. ನಾನು ನೋಡಬೇಕೆನ್ನುವುದು ಒಂದೇ ವಿಷಯವನ್ನು: ಬೆಳಗ್ಗೆ ಕೆಲಸಕ್ಕೆ ಹೊರಡುವ ಮನುಷ್ಯ ಹತ್ತು ಹದಿನೈದು ನಿಮಿಷದಲ್ಲಿ ಇದನ್ನು ಚೊಕ್ಕ ಮಾಡಿ, ಒಣಗಿದ ನೆಲದ ಮೇಲೆ ಕೋಳಿಗಳನ್ನು ಬಿಟ್ಟು ಹೋಗಲು ಸಾಧ್ಯವೇ? ಕೋಳಿಗೆ ಬರುವ ಕಾಯಿಲೆಗಳಲ್ಲಿ ಎಷ್ಟೋ ಬೇರೂರುವುದು ಒದ್ದೆಯಲ್ಲಿ. ಮೈಬಗ್ಗಿಸಿ, ಕೈ ತೂರಿಸಿ, ಮೂಲೆ ಕೆರೆದು ತೆಗೆಯಬೇಕಾದ ಗೂಡನ್ನು ಹೊಸಬರು ಮೊದಲ ವಾರ ಶ್ರದ್ಧೆಯಿಂದ ಶುಚಿ ಮಾಡುತ್ತಾರೆ, ಎರಡನೆಯ ವಾರ ಒಂದೆರಡು ದಿನ ಬಿಡುತ್ತಾರೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಅತ್ತ ಮುಖ ಹಾಕುವುದಿಲ್ಲ. ಅದು ಸಾಕುವವರ ಸೋಮಾರಿತನ ಅಲ್ಲ, ಗೂಡಿನ ದೋಷ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಎಷ್ಟು ಕೋಳಿ ಹಿಡಿಸುತ್ತದೆ ಎಂಬ ಪ್ರಶ್ನೆ. "ಹದಿನೈದು ಕೋಳಿಗೆ ಧಾರಾಳ ಸಾಕಾಗ್ತದೆ" ಎಂದು ಅಂಗಡಿಯವರು ಹೇಳಿದರು. ಒಳಗಿನ ಎರಡು ಸರಳುಗಳ ಉದ್ದ ಹನ್ನೆರಡು ಅಡಿ. ಒಂದು ಹೇಟೆ ಕೂರಲು ಎಂಟರಿಂದ ಹತ್ತು ಇಂಚು ಬೇಕು ಎಂದು ಹಿಡಿದರೆ ರಾತ್ರಿ ಹದಿನೈದು ಕೋಳಿ ಕೂರುತ್ತವೆ ಎಂಬುದು ಸುಳ್ಳಲ್ಲ. ಆದರೆ ನೆಲದ ಲೆಕ್ಕವೇ ಬೇರೆ. ಒಟ್ಟು ಹದಿನೆಂಟು ಚದರ ಅಡಿಯನ್ನು ಹದಿನೈದಕ್ಕೆ ಹಂಚಿದರೆ ಒಂದಕ್ಕೆ ಒಂದೂಕಾಲು ಚದರ ಅಡಿಯೂ ಸರಿಯಾಗಿ ಸಿಗುವುದಿಲ್ಲ. ಹಗಲೆಲ್ಲ ಹಿತ್ತಲಲ್ಲಿ ಮೇಯುವ ಕೋಳಿಗೂ ಗೂಡಿನೊಳಗೆ ಕನಿಷ್ಠ ಎರಡು ಚದರ ಅಡಿ ಇರಬೇಕು, ದಿನವಿಡೀ ಒಳಗೇ ಇರಬೇಕಾದ ಕೋಳಿಗೆ ನಾಲ್ಕು ಅಡಿಯಾದರೂ ಬೇಕು. ಜುಲೈಯಲ್ಲಿ ಮೂರು ನಾಲ್ಕು ದಿನ ಬಿಡದೆ ಮಳೆ ಸುರಿದಾಗ ಕೋಳಿಗಳನ್ನು ಹೊರಗೆ ಬಿಡಲಾಗುವುದಿಲ್ಲ. ಇಕ್ಕಟ್ಟಿನಲ್ಲಿ ಅವು ಒಂದರ ಪುಕ್ಕವನ್ನು ಇನ್ನೊಂದು ಕುಕ್ಕಲು ತೊಡಗುತ್ತವೆ, ಒಮ್ಮೆ ರಕ್ತ ಕಂಡರೆ ಎಲ್ಲವೂ ಅದೊಂದರ ಮೇಲೆಯೇ ಬೀಳುತ್ತವೆ. ಊರ ಕೋಳಿಯಾದರೆ ಎಂಟು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ದೊಡ್ಡ ಮೈಯ ತಳಿಯಾದರೆ ಆರು ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಮೊಟ್ಟೆಯಷ್ಟೇ ಬೇಕಾದವರಿಗೆ ಹುಂಜದ ಅಗತ್ಯವಿಲ್ಲ. ಹುಂಜವಿಲ್ಲದಿದ್ದರೂ ಹೇಟೆ ಮೊಟ್ಟೆ ಇಡುತ್ತದೆ, ಬೆಳಗಿನ ಜಾವದ ಕೂಗಿನಿಂದ ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಈಗ ಟ್ರೇಯ ವಿಚಾರ. ಈ ಗೂಡಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ಭಾಗವೇ ಇದು. ಒಂದು ಮೊಟ್ಟೆ ಕೋಳಿ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು, ಮತ್ತು ಅದರ ದೊಡ್ಡ ಭಾಗ ಬೀಳುವುದು ರಾತ್ರಿ ಸರಳಿನ ಮೇಲೆ ಕೂತಿರುವಾಗ. ಹಾಗಾಗಿ ಸರಳಿನ ಕೆಳಗೆ ಬೀಳುವುದನ್ನು ಬೆಳಗ್ಗೆ ತೆಗೆದುಬಿಟ್ಟರೆ ದಿನದ ಶುಚಿಯ ಕೆಲಸದ ಬಹುಪಾಲು ಮುಗಿಯಿತು. ಇಲ್ಲಿ ಜಾಲರಿಯ ನೆಲದ ಮೂಲಕ ಹಿಕ್ಕೆ ಟ್ರೇಗೆ ಬೀಳುತ್ತದೆ. ಎರಡು ಟ್ರೇಗಳನ್ನು ಎರಡು ಬದಿಯಿಂದ ಎಳೆಯಬಹುದಾದ್ದರಿಂದ ಒಬ್ಬರೇ ನಿಂತು ಸಲೀಸಾಗಿ ಹೊರಗೆ ತೆಗೆಯಬಹುದು. ಖಾಲಿ ಟ್ರೇ ಇಡುವ ಬದಲು ಅದರಲ್ಲಿ ಒಂದು ಇಂಚಿನಷ್ಟು ಉಮಿ, ಮರದ ಹುಡಿ ಅಥವಾ ಚೆನ್ನಾಗಿ ಒಣಗಿದ ತರಗೆಲೆ ಹರಡಿದರೆ ಹಿಕ್ಕೆಯ ನೀರನ್ನು ಅದು ಹೀರುತ್ತದೆ, ವಾಸನೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ತಗಡಿಗೆ ಅಂಟಿದ್ದನ್ನು ಕೆರೆಯುವ ಕೆಲಸವೂ ಉಳಿಯುತ್ತದೆ. ಜಾಲರಿಯ ಮೇಲೆ ದಿನಪೂರ್ತಿ ನಿಂತರೆ ಪಾದದಡಿ ಗಾಯವಾಗಿ ಬಾವು ಬರಬಹುದಾದ್ದರಿಂದ, ನೆಲದ ಅರ್ಧ ಭಾಗಕ್ಕೆ ಒಂದು ಹಲಗೆ ಹಾಸಿ ಅದರ ಮೇಲೆ ಬೈಹುಲ್ಲು ಹರಡುವುದು ಅಗತ್ಯ.

ಟ್ರೇಯಲ್ಲಿ ಎರಡು ಕೊರತೆಗಳಿವೆ. ಟ್ರೇ ಜಾರುವ ಕಂಬಿಗೂ ಚೌಕಟ್ಟಿನ ಪೈಪಿಗೂ ನಡುವೆ ಬೆರಳು ತೂರದಷ್ಟು ಸಣ್ಣ ಸಂದು ಉಳಿದಿದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಟ್ರೇಯನ್ನು ಪೂರ್ತಿ ಹೊರಗೆಳೆದು, ಕೂತು, ಕೆಳಗಿನಿಂದ ಮೇಲಕ್ಕೆ ನೋಡಿದರೆ ಅಲ್ಲಿ ಹಸಿ ಹಿಕ್ಕೆ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ, ಅದರ ಒಳಮೈಯಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಹುಳುಗಳು ಮಿಸುಕಾಡುತ್ತಿರುತ್ತವೆ. ಟ್ರೇ ದಿನವೂ ಚೊಕ್ಕವಾಗಿದ್ದರೂ ನೊಣ ಏಕೆ ಕಡಿಮೆಯಾಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಸಂದಿನಲ್ಲಿ. ನಮ್ಮ ಬಿಸಿ ಹವೆಯಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಆ ಸಂದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ತೆಂಗಿನ ಕಡ್ಡಿಯ ಹಿಡಿಯಿಂದಲೋ ಕೆರೆದು ತೆಗೆದರೆ ಒಂದು ಪೀಳಿಗೆಯ ನೊಣ ಹೊರಬೀಳುವ ಮೊದಲೇ ಸರಪಳಿ ತುಂಡಾಗುತ್ತದೆ. ಎರಡನೆಯದು ತುಕ್ಕು. ವೆಲ್ಡಿಂಗ್ ಮಾಡಿದ ಕಡೆಯಲ್ಲೆಲ್ಲ ಶಾಖಕ್ಕೆ ಜಿಐ ಶೀಟಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಟ್ರೇಯ ನಾಲ್ಕು ಮೂಲೆಗಳಲ್ಲಿ ಮಳೆಗಾಲ ಮುಗಿಯುವ ಮೊದಲೇ ಕಂದು ಬಣ್ಣ ಮೂಡಿತು. ತರಿಸಿಕೊಂಡ ದಿನವೇ ಮೂಲೆಗಳಿಗೆ ರೆಡ್ ಆಕ್ಸೈಡ್ ಬಳಿದು, ಮೇಲೊಂದು ಎನಾಮೆಲ್ ಕೋಟು ಕೊಟ್ಟು, ಪೂರ್ತಿ ಒಣಗಿದ ಮೇಲೆ ಕೋಳಿ ಬಿಡುವುದು ಕ್ಷೇಮ. ಈ ಕೆಲಸವನ್ನು ಅಂಗಡಿಯಲ್ಲೇ ಮಾಡಿಕೊಟ್ಟಿದ್ದರೆ ಅವರಿಗೆ ನೂರಿನ್ನೂರು ರೂಪಾಯಿಗಿಂತ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಟ್ರೇಯಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಕೋಳಿಯ ಆರೋಗ್ಯದ ಮೊದಲ ಸುದ್ದಿ ಸಿಗುವುದು ಹಿಕ್ಕೆಯಲ್ಲಿ; ನೆಲದ ಮಣ್ಣಿನಲ್ಲಿ ಬೆರೆತುಹೋಗುವ ಆ ಸುದ್ದಿ ಇಲ್ಲಿ ಟ್ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಂದು ಅಥವಾ ಬೂದು ಬಣ್ಣದ, ಆಕಾರವುಳ್ಳ, ತುದಿಯಲ್ಲಿ ಬಿಳಿ ಇರುವ ಹಿಕ್ಕೆ ಸರಿಯಾದದ್ದು. ಕೋಳಿಗೆ ಮೂತ್ರ ಬೇರೆಯಾಗಿ ಹೋಗುವುದಿಲ್ಲ, ಆ ಬಿಳಿಯೇ ಅದರ ಮೂತ್ರದ ಅಂಶ. ನಡುನಡುವೆ ಬೆಲ್ಲದ ಪಾಕದ ಬಣ್ಣದ, ಅಂಟಂಟಾದ, ಗಬ್ಬು ವಾಸನೆಯ ಹಿಕ್ಕೆಯೂ ಕಾಣಿಸುತ್ತದೆ. ಹೊಸಬರು ಇದನ್ನು ಭೇದಿ ಎಂದುಕೊಂಡು ಔಷಧಿ ಅಂಗಡಿಗೆ ಓಡುವುದುಂಟು, ಆದರೆ ಇದು ಕುರುಡು ಕರುಳಿನಿಂದ ಬರುವ ಸಹಜವಾದ ಹಿಕ್ಕೆ, ಗಾಬರಿ ಬೇಡ. ರಕ್ತ ಬೆರೆತಿದ್ದರೆ ಮಾತ್ರ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯ ಅನುಮಾನ ಪಡಬೇಕು, ಮುಖ್ಯವಾಗಿ ಎಳೆಯ ಮರಿಗಳಲ್ಲಿ. ಹಸಿರು ನೀರಿನಂಥ ಭೇದಿ, ಜೊತೆಗೆ ತೂಕಡಿಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಂಡರೆ ಕೊಕ್ಕರೆ ರೋಗ ಇರಬಹುದು. ಆ ಕೋಳಿಯನ್ನು ಕೂಡಲೇ ಬೇರೆ ಮಾಡಿ ಪಶುವೈದ್ಯರನ್ನು ಕರೆಯಬೇಕು. ಒಂದೇ ಸಮನೆ ಹಲವು ಕೋಳಿಗಳು ಸತ್ತರೆ ಅವುಗಳನ್ನು ಹೊಳೆಗೋ ತೋಡಿಗೋ ಎಸೆಯದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸುವುದು ಕರ್ತವ್ಯ, ಏಕೆಂದರೆ ಹಕ್ಕಿಜ್ವರದ ಪತ್ತೆ ಆಗುವುದೇ ಇಂಥ ಮಾಹಿತಿಯಿಂದ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಲೂ ಬಾರದು.

ಮಾಡಿನ ವಿಷಯದಲ್ಲಿ ನನ್ನದು ಕಟುವಾದ ಟೀಕೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಕಡಲ ಕಡೆಯಿಂದ ಬೀಸುವ ಗಾಳಿಯೊಂದಿಗೆ ಓರೆಯಾಗಿ. ಇಂಥ ಊರಿನಲ್ಲಿ ಮಾಡಿದ ಗೂಡಿನ ಶೀಟು ಚೌಕಟ್ಟಿನಿಂದ ಕೇವಲ ನಾಲ್ಕಿಂಚು ಹೊರಗೆ ಚಾಚಿದೆ. ಮೊದಲ ಗಾಳಿಮಳೆಗೇ ಪಡುವಣ ಬದಿಯ ಜಾಲರಿಯಿಂದ ಇರಚಲು ಒಳಗೆ ನುಗ್ಗಿ ಮೊಟ್ಟೆ ಪೆಟ್ಟಿಗೆಯ ಹುಲ್ಲು, ಟ್ರೇಯ ಉಮಿ ಎರಡೂ ತೊಯ್ದವು. ಇಲ್ಲಿನ ಹಳೆಯ ಮನೆಗಳ ಮಾಡು ಗೋಡೆಯಿಂದ ಎಷ್ಟು ಹೊರಗೆ ಇಳಿಯುತ್ತದೆ ಎಂಬುದನ್ನು ದಿನವೂ ನೋಡುವ ಕೆಲಸಗಾರರೇ ಕೋಳಿಗೂಡಿಗೆ ನಾಲ್ಕಿಂಚು ಸಾಕೆಂದುಕೊಂಡದ್ದು ಬೇಸರದ ಸಂಗತಿ. ನಾಲ್ಕೂ ಕಡೆ ಒಂದೂವರೆ ಅಡಿ ಇರಲೇಬೇಕು. ಪಡುವಣ ಮತ್ತು ತೆಂಕಣ ಬದಿಗೆ ಕೆಳಗಿನ ಎರಡು ಅಡಿಯನ್ನು ಶೀಟಿನಿಂದ ಮುಚ್ಚಿ, ಮೇಲಿನ ಭಾಗವನ್ನು ಗಾಳಿಗೆ ಬಿಡಬೇಕು. ಮಳೆಗೆ ಹೆದರಿ ಇಡೀ ಗೂಡನ್ನು ಟಾರ್ಪಾಲಿನಲ್ಲಿ ಸುತ್ತಿಬಿಡುವವರಿದ್ದಾರೆ. ಅದು ಇರಚಲಿಗಿಂತ ಕೆಟ್ಟದ್ದು, ಕೋಳಿಯ ಉಸಿರಿನ ತೇವ ಮತ್ತು ಹಿಕ್ಕೆಯ ಘಾಟು ಎರಡೂ ಒಳಗೇ ಉಳಿದುಬಿಡುತ್ತವೆ. ಮಾಡಿನ ಕೆಲಸವನ್ನು ಪತ್ತನಾಜೆಯೊಳಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮುಗಿಸಿಕೊಂಡರೆ ಒಳ್ಳೆಯದು, ಆಮೇಲೆ ವೆಲ್ಡಿಂಗಿನವರು ಕೈಗೆ ಸಿಗುವುದಿಲ್ಲ.

ಬೇಸಗೆಯಲ್ಲಿ ಇದೇ ಶೀಟು ಬೇರೆ ತೊಂದರೆ ಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕೆಳಗೆ ಕೈ ಹಿಡಿದರೆ ಕಾವು ತಟ್ಟುತ್ತದೆ. ಕೋಳಿಗೆ ಬೆವರುವುದಿಲ್ಲ, ಬಾಯಿ ತೆರೆದು ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಶೀಟಿನ ಮೇಲೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ಹೊದೆಸಿದರೆ ಸಾಕು.

ಒದ್ದೆಯಾದ ಹಾಸಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ರಕ್ತಭೇದಿಯ ರೋಗಾಣು ಹಿಕ್ಕೆಯೊಂದಿಗೆ ಹೊರಬಂದ ಕೂಡಲೇ ಇನ್ನೊಂದು ಕೋಳಿಗೆ ತಗಲುವುದಿಲ್ಲ; ತೇವ ಮತ್ತು ಬೆಚ್ಚನೆಯ ಹವೆ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಅದು ಬಲಿತು ಅಪಾಯಕಾರಿಯಾಗುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ, ಬಗ್ಗುವುದು ಒಣಗುವಿಕೆಗೆ ಮತ್ತು ಬಿಸಿಗೆ. ಹಾಗಾಗಿ ದಿನವೂ ಹಿಕ್ಕೆ ತೆಗೆಯುವುದೆಂದರೆ ರೋಗಾಣು ಬಲಿಯುವ ಮೊದಲೇ ಅದನ್ನು ಗೂಡಿನಿಂದ ಆಚೆ ಹಾಕಿದಂತೆ. ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಬೇಕು: ಉಂಡೆಯಾಗಿ ನಿಂತರೆ ಬದಲಿಸುವ ಹೊತ್ತಾಯಿತು, ಉದುರಿದರೆ ಇನ್ನೂ ಇಡಬಹುದು. ತಲೆಯನ್ನು ಗೂಡಿನೊಳಗೆ, ಕೋಳಿ ಕೂರುವ ಎತ್ತರಕ್ಕೆ ಒಡ್ಡಿದಾಗ ಕಣ್ಣು ಚುರುಗುಟ್ಟಿದರೆ ಅಮೋನಿಯ ಮಿತಿ ಮೀರಿದೆ ಎಂದರ್ಥ, ಅಂಥ ಗಾಳಿಯಲ್ಲಿ ಇಡೀ ರಾತ್ರಿ ಕಳೆಯುವ ಕೋಳಿಗೆ ಶೀತ, ಕಣ್ಣುರಿ, ಉಸಿರಾಟದ ಕಾಯಿಲೆ ತಪ್ಪುವುದಿಲ್ಲ. ವಾಸನೆ ಬಂತೆಂದು ಒದ್ದೆ ಹಾಸಿನ ಮೇಲೆಯೇ ಸುಣ್ಣ ಎರಚುವ ರೂಢಿಯೊಂದು ನಮ್ಮಲ್ಲಿದೆ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದಾಗ ಅಮೋನಿಯ ಇನ್ನಷ್ಟು ಹೊರಬರುತ್ತದೆ. ಕೋಳಿ ಒಳಗಿರುವಾಗ ಹೀಗೆ ಮಾಡಲೇಬಾರದು. ಒದ್ದೆ ಹಾಸನ್ನು ತೆಗೆದು, ನೆಲ ಒಣಗಿಸಿ, ತೆಳುವಾಗಿ ಸುಣ್ಣ ಹಾಕಿ, ಮೇಲೆ ಹೊಸ ಹಾಸು ಹರಡುವುದು ಸರಿಯಾದ ಕ್ರಮ.

ಕೂರುವ ಸರಳಿಗೆ ಅಂಗಡಿಯವರು ಒಂದಿಂಚಿನ ನುಣುಪಾದ ಕಬ್ಬಿಣದ ಪೈಪು ಹಾಕಿದ್ದಾರೆ. ಕೋಳಿಯ ಕಾಲಿಗೆ ಅದು ಜಾರುತ್ತದೆ. ಅಂಚು ಉಜ್ಜಿ ದುಂಡಗೆ ಮಾಡಿದ ಎರಡು ಇಂಚು ಅಗಲದ ಮರದ ಪಟ್ಟಿಯನ್ನು ಅದರ ಮೇಲೆ ಕಟ್ಟಿದ ಮೇಲೆ ಹೇಟೆಗಳು ರಾತ್ರಿ ಅಲುಗಾಡದೆ ಕೂತವು. ಅಡಿಕೆ ಮರದ ದಬ್ಬೆ ಸುಲಭವಾಗಿ ಸಿಗುತ್ತದಾದರೂ ಅದರ ಸಿಬಿರು ಪಾದಕ್ಕೆ ಚುಚ್ಚುತ್ತದೆ, ಚೆನ್ನಾಗಿ ಕೀಸಿಯೇ ಬಳಸಬೇಕು. ಮರ ಬಂದಲ್ಲಿ ಹೇನಿನ ಭಯವೂ ಬರುತ್ತದೆ ಎಂಬುದು ನಿಜ. ರಕ್ತ ಹೀರುವ ಕೆಂಪು ಹೇನು ಹಗಲಿಡೀ ಮರದ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಕೋಳಿಯ ಮೈಗೆ ಹತ್ತುತ್ತದೆ. ಹಗಲು ಕೋಳಿಯ ಮೈಯನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕತ್ತಲಾದ ಮೇಲೆ ಬಿಳಿ ಬಟ್ಟೆಯೊಂದನ್ನು ಸರಳಿನ ಕೆಳಮೈಗೆ ಒರೆಸಿ ನೋಡಿದರೆ ಕೆಂಪು ಚುಕ್ಕೆಗಳಾಗಿ ಹತ್ತಿಕೊಳ್ಳುತ್ತದೆ. ಪಟ್ಟಿಯನ್ನು ತಂತಿಯಿಂದ ಕಟ್ಟಿದ್ದರೆ ತಿಂಗಳಿಗೊಮ್ಮೆ ಬಿಚ್ಚಿ, ಕುದಿನೀರು ಹೊಯ್ದು, ಒಣಗಿಸಿ ಮತ್ತೆ ಕಟ್ಟಬಹುದು. ಮೊಟ್ಟೆ ಪೆಟ್ಟಿಗೆ ಬಿಟ್ಟರೆ ಉಳಿದ ಗೂಡು ಕಬ್ಬಿಣದ್ದಾದ್ದರಿಂದ ಕೋಳಿಗಳನ್ನು ಹೊರಗೆ ಬಿಟ್ಟು, ಹುಲ್ಲು, ಉಮಿ, ಹಲಗೆ, ಪೆಟ್ಟಿಗೆ ಎಲ್ಲವನ್ನೂ ತೆಗೆದ ಮೇಲೆ, ಬೆಸುಗೆಯ ಸಂದುಗಳಿಗೆ ಬ್ಲೋ ಲ್ಯಾಂಪಿನ ಉರಿ ತೋರಿಸಬಹುದು. ದೊಡ್ಡ ಫಾರ್ಮುಗಳಲ್ಲಿ ಮಾಡುವ ಕ್ರಮವೇ ಇದು, ಮರದ ಗೂಡಿನವರಿಗೆ ಈ ಅನುಕೂಲವಿಲ್ಲ. ಇದರ ಜೊತೆಗೆ ಹಿತ್ತಲ ಮೂಲೆಯಲ್ಲಿ ಮಳೆ ತಾಗದ ಕಡೆ ಒಲೆಯ ಬೂದಿ ಮತ್ತು ಒಣಮಣ್ಣು ಬೆರೆಸಿ ಇಟ್ಟರೆ ಕೋಳಿಗಳು ಹೊರಳಾಡಿ ತಮ್ಮ ಮೈಯನ್ನು ತಾವೇ ಶುಚಿ ಮಾಡಿಕೊಳ್ಳುತ್ತವೆ.

ಸರಳು ಮತ್ತು ಮೊಟ್ಟೆ ಪೆಟ್ಟಿಗೆ ಒಂದೇ ಎತ್ತರದಲ್ಲಿರುವುದು ವಿನ್ಯಾಸದ ಇನ್ನೊಂದು ದೋಷ. ಕೋಳಿ ರಾತ್ರಿ ತನಗೆ ಸಿಗುವ ಅತಿ ಎತ್ತರದ ಜಾಗವನ್ನು ಆರಿಸಿಕೊಳ್ಳುತ್ತದೆ. ಪೆಟ್ಟಿಗೆಯೂ ಅಷ್ಟೇ ಎತ್ತರವಿದ್ದರೆ ಅಲ್ಲೇ ಮಲಗಿ ಹುಲ್ಲೆಲ್ಲ ಹಿಕ್ಕೆ ಮಾಡುತ್ತದೆ, ಬೆಳಗ್ಗೆ ಮೊಟ್ಟೆಯೂ ಕೊಳೆಯಾಗುತ್ತದೆ. ಸರಳನ್ನು ಒಂದು ಅಡಿ ಏರಿಸಿದರೆ ಈ ತೊಂದರೆ ನಿಲ್ಲುತ್ತದೆ. ಪೆಟ್ಟಿಗೆಯ ಪ್ಲೈವುಡ್ಡು ಜುಲೈ ಹೊತ್ತಿಗೆ ಊದಿಕೊಂಡು ಮುಚ್ಚಳ ಕೂರದಂತಾಯಿತು, ಅದರ ಬದಲು ಎರಡು ಪ್ಲಾಸ್ಟಿಕ್ ಬುಟ್ಟಿ ಇಟ್ಟು ಬೈಹುಲ್ಲು ಹಾಕಿದರೆ ತೊಳೆಯಲೂ ಸುಲಭ, ನಾಲ್ಕೈದು ಹೇಟೆಗೆ ಒಂದು ಬುಟ್ಟಿ ಸಾಕು. ಮೊಟ್ಟೆಯನ್ನು ತಂದ ಕೂಡಲೇ ತೊಳೆದಿಡುವ ಅಭ್ಯಾಸ ಒಳ್ಳೆಯದಲ್ಲ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಲೇಪವೊಂದಿದ್ದು ಅದು ರೋಗಾಣುಗಳನ್ನು ತಡೆಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಇಟ್ಟು, ಅಡುಗೆಗೆ ಒಡೆಯುವ ಮುಂಚೆ ತೊಳೆದರೆ ಸಾಕು.

ಚಿಲಕದ ಬಗ್ಗೆ ಹೇಳಲೇಬೇಕು. ಬಾಗಿಲಿಗೆ ಇರುವುದು ಒಂದೇ ಒಂದು ಸಾದಾ ಚಿಲಕ, ಅದೂ ಮಧ್ಯದಲ್ಲಿ; ಬಾಗಿಲಿನ ಕೆಳಮೂಲೆಯನ್ನು ಎರಡು ಬೆರಳಿನಿಂದ ಎಳೆದರೆ ಒಂದಿಂಚು ಬಾಗುತ್ತದೆ. ಕೀರಿಗೆ, ಕಾಡುಬೆಕ್ಕಿಗೆ ಅಷ್ಟು ಸಂದು ಸಿಕ್ಕಿದರೆ ಕೆಲಸ ಶುರುವಾಯಿತು. ಮೇಲೊಂದು ಕೆಳಗೊಂದು ಕೊಕ್ಕೆ ಬೇಕೇ ಬೇಕು. ಜಾಲರಿ ಕೆಳಭಾಗದಲ್ಲಿ ಅರ್ಧ ಇಂಚಿನದು, ಅದು ಸರಿಯಾಗಿದೆ. ಮೇಲ್ಭಾಗದಲ್ಲಿ ಒಂದು ಇಂಚಿನದು, ಅಲ್ಲಿ ಸಣ್ಣ ಕೇರೆ ಹಾವು ನುಸುಳಬಹುದು. ಹಾವು ಬರುವುದು ಎಷ್ಟೋ ಸಲ ಕೋಳಿಗಾಗಿ ಅಲ್ಲ, ಚೆಲ್ಲಿದ ಕಾಳಿಗೆ ಬರುವ ಇಲಿಗಾಗಿ. ಸಂಜೆ ಉಳಿದ ಆಹಾರವನ್ನು ಗೂಡಿನಲ್ಲಿ ಬಿಡದೆ ಎತ್ತಿಟ್ಟು, ಚೀಲವನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟರೆ ಇಲಿಯೂ ಕಡಿಮೆ, ಹಾವೂ ಕಡಿಮೆ. ಹೆಬ್ಬಾವೋ ನಾಗರವೋ ಗೂಡು ಹೊಕ್ಕಿದ್ದರೆ ದೊಣ್ಣೆ ಹಿಡಿಯದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮುಸ್ಸಂಜೆ ಕೋಳಿಗಳು ತಾವಾಗಿ ಗೂಡು ಸೇರುತ್ತವೆ. ಆಗ ಎಣಿಸಿ ಬಾಗಿಲು ಹಾಕುವುದನ್ನು ಒಂದು ದಿನವೂ ತಪ್ಪಿಸಬಾರದು.

ಗೂಡಿನೊಂದಿಗೆ ಕೊಡುವ ಕೆಂಪು-ಬಿಳಿ ಪ್ಲಾಸ್ಟಿಕ್ ನೀರಿನ ಪಾತ್ರೆ ಚೆನ್ನಾಗಿದೆ. ಒಂದು ಹೇಟೆ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ, ಸೆಖೆಯಲ್ಲಿ ಇನ್ನೂ ಹೆಚ್ಚು. ಪಾತ್ರೆಯನ್ನು ದಿನವೂ ಉಜ್ಜಿ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟುತ್ತದೆ. ಅದನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಕೆದರಿದ ಕಸ ನೀರಿಗೆ ಬೀಳುವುದಿಲ್ಲ, ಹಾಸೂ ಒದ್ದೆಯಾಗುವುದಿಲ್ಲ. ಆಹಾರದ ವಿಷಯದಲ್ಲಿ, ನುಚ್ಚು ಮತ್ತು ತೌಡಿನಿಂದ ಹೊಟ್ಟೆ ತುಂಬುತ್ತದೆ, ಮೊಟ್ಟೆ ಬರುವುದಿಲ್ಲ. ಮೊಟ್ಟೆ ಕೋಳಿಯ ಸಿದ್ಧ ಆಹಾರ ದಿನಕ್ಕೆ ನೂರು ಗ್ರಾಂ ಮೇಲ್ಪಟ್ಟು ಬೇಕು. ಮರುವಾಯಿ (ಚಿಪ್ಪುಮೀನು) ಸಾರು ಮಾಡಿದ ದಿನ ಉಳಿದ ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಬೇರೆ ಬಟ್ಟಲಲ್ಲಿ ಇಟ್ಟರೆ ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಖರ್ಚಿಲ್ಲದೆ ಸಿಗುತ್ತದೆ. ಮಳೆಗಾಲದಲ್ಲಿ ಬೂಸಲು ಹಿಡಿದ ಆಹಾರವನ್ನು, ಬಿಸಿಲಿಗೆ ಒಣಗಿಸಿ ಕೊಟ್ಟರೂ, ಕೋಳಿಗೆ ಹಾಕಬಾರದು. ಬೂಸಲಿನ ವಿಷ ಒಣಗಿದರೆ ಹೋಗುವುದಿಲ್ಲ, ಅದು ಕೋಳಿಯ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ.

ಗೂಡು ಮಾರುವವರು ಜೊತೆಗೆ ಕೋಳಿಯನ್ನೂ ಕೊಡಿಸುತ್ತಾರೆ. ಅಲ್ಲಿ ಕೇಳಬೇಕಾದದ್ದು ಲಸಿಕೆಯ ವಿವರ. ಕೊಕ್ಕರೆ ರೋಗಕ್ಕೆ 5ರಿಂದ 7 ದಿನದ ಮರಿಯಿದ್ದಾಗ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು ಆಗಿರಬೇಕು. "ಎಲ್ಲ ಆಗಿದೆ" ಎಂಬ ಬಾಯಿಮಾತಿಗೆ ಒಪ್ಪದೆ ದಿನಾಂಕ ಬರೆಸಿಕೊಳ್ಳಬೇಕು. ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತಳಿ ಮತ್ತು ಸಾಕಣೆಯ ಬಗ್ಗೆ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಹೊಸದಾಗಿ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿದ ಮೇಲೆಯೇ ಹಳೆಯವುಗಳೊಂದಿಗೆ ಸೇರಿಸಬೇಕು, ಆದರೆ ಈ ಗೂಡಿನಲ್ಲಿ ಅದಕ್ಕೆ ಪ್ರತ್ಯೇಕ ಖಾನೆ ಇಲ್ಲ. ಮಧ್ಯಕ್ಕೆ ತೆಗೆದು ಹಾಕಬಹುದಾದ ಜಾಲರಿಯೊಂದನ್ನು ಮಾಡಿಕೊಟ್ಟರೆ ಕಾವು ಕೂತ ಹೇಟೆಗೂ ಉಪಯೋಗವಾದೀತು, ರೋಗದ ಅನುಮಾನವಿದ್ದದ್ದನ್ನು ಮಾತ್ರ ಬೇರೆ ಬುಟ್ಟಿಯಲ್ಲಿ ದೂರವೇ ಇಡಬೇಕು.

ಪೂರ್ತಿ ಶುಚಿ ಮಾಡುವ ಕೆಲಸವನ್ನು ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಮಾಡಿದರೆ ಸಾಕು, ಆದರೆ ಕ್ರಮ ತಪ್ಪಬಾರದು. ಮೊದಲು ಒಣದಾಗಿ ಕೆರೆದು ಗುಡಿಸಬೇಕು, ಆಮೇಲೆ ಸೋಪಿನ ನೀರಿನಿಂದ ತೊಳೆಯಬೇಕು, ನೀರು ಬಸಿದ ಮೇಲೆ ಬ್ಲೀಚಿಂಗ್ ನೀರು ಬಳಿಯಬೇಕು. ಹಿಕ್ಕೆ ಇರುವಾಗಲೇ ಬ್ಲೀಚಿಂಗ್ ಹೊಯ್ದರೆ ಔಷಧಿಯ ಶಕ್ತಿ ಹಿಕ್ಕೆಯ ಮೇಲೆಯೇ ಖರ್ಚಾಗುತ್ತದೆ, ಜೊತೆಗೆ ಅದರ ಅಮೋನಿಯ ಸೇರಿ ಉಸಿರಿಗೆ ಅಪಾಯಕಾರಿಯಾದ ಅನಿಲ ಹುಟ್ಟುತ್ತದೆ. ಕೊನೆಗೆ ನೀರು ಹಾಕಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಬೇಕು. ನಾಲ್ಕು ಜನ ಸೇರಿದರೆ ಎತ್ತಿ ಅಂಗಳಕ್ಕೆ ತರಬಹುದಾದ ಗೂಡು ಇದು, ಆ ಮಟ್ಟಿಗೆ ಅನುಕೂಲ. ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳುವುದು, ಗೂಡಿನ ಕೆಲಸಕ್ಕೆಂದೇ ಒಂದು ಜೊತೆ ಚಪ್ಪಲಿ ಇಡುವುದು, ಕೆಲಸವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಮಕ್ಕಳಿರುವ ಮನೆಯಲ್ಲಿ ಮರೆಯಬಾರದ ಸಂಗತಿಗಳು.

ಟ್ರೇಯಿಂದ ತೆಗೆದದ್ದನ್ನು ಹಸಿಯಾಗಿಯೇ ಗಿಡದ ಬುಡಕ್ಕೆ ಹಾಕಿದರೆ ಅದರ ಖಾರಕ್ಕೆ ಬೇರು ಸುಡುತ್ತದೆ. ತರಗೆಲೆಯೊಂದಿಗೆ ಪದರ ಪದರವಾಗಿ ಹಾಕಿ, ಮಳೆ ತಾಗದಂತೆ ಮುಚ್ಚಿ, ಎರಡು ಮೂರು ತಿಂಗಳು ಕೊಳೆಸಿದ ಮೇಲೆ ತೆಂಗಿಗೆ, ಬಸಳೆಗೆ ಒಳ್ಳೆಯ ಗೊಬ್ಬರ. ಗುಂಡಿಯನ್ನು ಬಾವಿಯಿಂದ ದೂರ ಮಾಡಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ.

ಬೆಲೆಯ ಮಾತಿಗೆ ಬಂದರೆ, ಚೌಕಟ್ಟು, ಜಾಲರಿ, ಟ್ರೇ ನೋಡಿದಾಗ 14,500 ರೂಪಾಯಿ ಹೆಚ್ಚಲ್ಲ. ಮಾಡು ಹಿಗ್ಗಿಸಲು, ಸರಳು ಏರಿಸಲು, ಕೊಕ್ಕೆ ಮತ್ತು ಬಣ್ಣಕ್ಕೆ ನನಗೆ ಮತ್ತೆ ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಇದನ್ನೆಲ್ಲ ಅಂಗಡಿಯವರ ಗಮನಕ್ಕೆ ತಂದಾಗ ಅವರು ಸಿಟ್ಟಾಗದೆ ಕೇಳಿಸಿಕೊಂಡರು, ಮುಂಗಡ ಹೇಳಿದರೆ ಒಂದೂವರೆ ಅಡಿಯ ಮಾಡು ಹಾಕಿಯೇ ಕೊಡುತ್ತೇವೆ ಎಂದರು. ಆದ್ದರಿಂದ ಅಂಗಡಿಯ ಮುಂದೆ ನಿಲ್ಲಿಸಿಟ್ಟ ಗೂಡನ್ನು ಹಾಗೆಯೇ ಗಾಡಿಗೆ ಏರಿಸಿಕೊಂಡು ಬರುವ ಬದಲು, ಎಂಟು ಕೋಳಿಯ ಲೆಕ್ಕದಲ್ಲಿ, ಅಗಲವಾದ ಮಾಡು, ಎತ್ತರದ ಮರದ ಸರಳು, ಎರಡು ಕೊಕ್ಕೆ, ಸಂದು ಇಲ್ಲದ ಟ್ರೇ ಕಂಬಿ, ಬೆಸುಗೆಗೆಲ್ಲ ಬಣ್ಣ ಎಂದು ಚೀಟಿಯಲ್ಲಿ ಬರೆದುಕೊಟ್ಟು ಫೆಬ್ರವರಿಯಲ್ಲೇ ಮಾಡಿಸಿಕೊಳ್ಳುವವರಿಗೆ ಈ ಗೂಡನ್ನು ಯಾವ ಅಳುಕೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಮೇ ಕೊನೆಯಲ್ಲಿ ಅವಸರದಿಂದ ಕೊಳ್ಳುವವರು ದೀಪಾವಳಿಯ ತನಕ ಕಾಯುವುದು ಮೇಲು.